ಯಾರೂ ಕೇಳಿ ಬರಬಾರದಿದ್ದ ಕೆಲಸ

ಇದು ನಡೆದದ್ದೇ. ಸುಳ್ಳಾದರೆ ಈ ಜನ್ಮದಲ್ಲಿ ನನ್ನ ಬಾಯಿಗೆ ಸೇಬಿನ ಪೈ ಸೇರದಿರಲಿ. ಅಮೆರಿಕದ ಈ ಮೂಲೆಯಲ್ಲಿ, ನಮ್ಮ ವರ್ಮಾಂಟಿನಲ್ಲಿ, ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಗುಡ್ಡದ ಮೇಲಿನ ಸೇಬಿನ ತೋಟ ಅಡೆಲ್‌ಳದು. ಗಂಡ ತೀರಿಕೊಂಡಿದ್ದ. ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಕೆಳಗೆ ತೋಟ. ಪ್ರತಿ ಕೊಯ್ಲಿಗೂ ಜಮೈಕಾದಿಂದ ಕೆಲಸಗಾರರು ಬರುತ್ತಿದ್ದರು. ಅವರಲ್ಲಿ ಲಿನ್ವಲ್ ಒಬ್ಬ; ಹೆಂಡತಿಯಿಲ್ಲ, ಊರಲ್ಲಿ ಒಬ್ಬ ಮಗಳು. ಅವನು ಏಣಿ ಹತ್ತಿದರೆ ಏಣಿಗೇ ಗೊತ್ತಾಗುತ್ತಿರಲಿಲ್ಲ. ಅವನು ಹಾಡುತ್ತಾ ಕೊಯ್ದರೆ ಪಕ್ಕದ ತೋಟದ ಸೇಬುಗಳೂ ನಾಚಿ ಕೆಂಪಾಗುತ್ತಿದ್ದವು. ನಾನೇ ನೋಡಿದ್ದೇನೆ.

ಗಟ್ಟಿಯಾಗಿ ನಿಂತ ಏಣಿಯನ್ನೂ ಅಡೆಲ್ ಹೋಗಿ ಹಿಡಿದುಕೊಳ್ಳುತ್ತಿದ್ದಳು. ಅವನು ಮೇಲಿನಿಂದ ಒಂದು ಸೇಬನ್ನು ತನ್ನ ಅಂಗಿಗೆ ಒರೆಸಿ ಕೆಳಗೆ ಚಾಚುತ್ತಿದ್ದ. ಕೊಡುವಾಗ ಬೆರಳು ತಾಗುತ್ತಿತ್ತು. ಆಮೇಲೆ ಇಬ್ಬರೂ ಬೇರೆ ಬೇರೆ ಕೊಂಬೆ ನೋಡುತ್ತಿದ್ದರು. ಅಷ್ಟೇ. ಅವಳು ಯಜಮಾನಿ, ಅವನು ಕೆಲಸದವನು. ಅವನ ವೀಸಾ ಅವಳ ಒಂದು ಮಾತಿನ ಮೇಲೆ ನಿಂತಿತ್ತು. ಅಂಥವನ ಹತ್ತಿರ ಮನಸ್ಸಿನ ಮಾತು ಆಡುವುದು ಹೇಗೆ? ಅವನು ಹೂಂ ಅಂದರೂ ಅದು ಭಯಕ್ಕೋ ಪ್ರೀತಿಗೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅವನು ಊರಿಗೆ ಹೋಗುವಾಗ ತನ್ನ ಮೆಣಸಿನಕಾಯಿ ಗಿಡವನ್ನು ಅವಳ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದ. ಟೋಪಿಯಂಥ ಪುಟ್ಟ ಕಾಯಿ. ಅದರ ಘಾಟಿಗೆ ಕೆಲಸಗಾರರ ಮನೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಒಂದು ಸಲ ಸೀನಿದ್ದು ಪಕ್ಕದ ಜಿಲ್ಲೆಗೂ ಕೇಳಿಸಿತ್ತು. ಅಡೆಲ್‌ಗೆ ಕರಿಮೆಣಸೇ ಖಾರ. ಆದರೂ ಚಳಿಗಾಲ ಪೂರ್ತಿ ಆ ಗಿಡವನ್ನು ಕೂಸಿನ ಹಾಗೆ ಸಾಕುತ್ತಿದ್ದಳು.

ಹೊರಗಿನವರನ್ನು ಕರೆಸಲು ಸರ್ಕಾರದ ಒಪ್ಪಿಗೆ ಬೇಕು. ಅದಕ್ಕೆ ಮೊದಲು, ಕೆಲಸ ಇದೆ, ಇಲ್ಲಿಯವರು ಬರಬಹುದು ಎಂದು ಜಾಹೀರಾತು ಕೊಡಬೇಕು. ಯೋಗ್ಯನಾದ ಒಬ್ಬ ಬಂದರೂ ಕೆಲಸ ಅವನಿಗೇ. ಬೇಡ ಅನ್ನುವ ಹಾಗಿಲ್ಲ, ಬರಬೇಡ ಎಂದು ಕಣ್ಣು ಮಿಟುಕಿಸುವ ಹಾಗೂ ಇಲ್ಲ. ಅಡೆಲ್ ನಮ್ಮೂರಿನ ಅಂಗಡಿಯ ಜಾಹೀರಾತು ಹಲಗೆಗೂ ಒಂದು ಚೀಟಿ ಚುಚ್ಚುತ್ತಿದ್ದಳು. ಅದು ಶಾಸ್ತ್ರಕ್ಕೆ ಎಂದು ಊರಿಗೆಲ್ಲ ಗೊತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ, ಮರ ಹೂಬಿಟ್ಟಾಗ, ಮಂಜು ಬಿತ್ತು. ಎಂಥ ಮಂಜು ಅಂದರೆ, ನಮ್ಮ ಹುಂಜ ಬೆಳಿಗ್ಗೆ ಕೂಗಿದ್ದು ಗಾಳಿಯಲ್ಲೇ ಹೆಪ್ಪುಗಟ್ಟಿ, ಕರಗಿ ಕೇಳಿಸಿದ್ದು ಮಧ್ಯಾಹ್ನದ ಊಟಕ್ಕೆ. ಹೂವೆಲ್ಲ ಸುಟ್ಟುಹೋಯಿತು. ಉಳಿದ ಕಾಯಿಗೆ ಒಬ್ಬನೇ ಆಳು ಸಾಕು. ಅಡೆಲ್ ಒಬ್ಬನಿಗೇ ಒಪ್ಪಿಗೆ ಕೇಳಿದಳು. ಆ ಒಬ್ಬ ಯಾರೆಂದು ಹೇಳಬೇಕಿಲ್ಲವಲ್ಲ.

ಆಗ ಬಂದ ಆರಿನ್. ಅಡೆಲ್‌ಳ ಜೊತೆ ಶಾಲೆಗೆ ಹೋದವನು. ಬಹಳ ವರ್ಷ ಪಶ್ಚಿಮದ ಕಡೆ ಮರ ಕಡಿಯುವ ಕೆಲಸದಲ್ಲಿದ್ದು, ಕುಡಿತ ಬಿಟ್ಟು, ಆಗಷ್ಟೇ ಊರಿಗೆ ಮರಳಿದ್ದ. ಶಾಸ್ತ್ರದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಚೀಟಿ ಓದಿ, ಪಾಪ, ಅಡೆಲ್‌ಗೆ ಯಾರೂ ಸಿಕ್ಕಿಲ್ಲ ಅಂದುಕೊಂಡ. ಹಳೆಯ ಆಸೆಯೊಂದು ಅವನ ಎದೆಯಲ್ಲೂ ಇತ್ತು ಅನ್ನಿ. ತಲೆ ಬಾಚಿಕೊಂಡು ಸೀದಾ ಅವಳ ಬಾಗಿಲಿಗೆ ಬಂದ.

ಅವಳು ತೋಟದ ಅತಿ ಉದ್ದದ ಏಣಿ ತೋರಿಸಿದಳು. ಹತ್ತಿದ. ಎದೆಗೆ ಕಟ್ಟುವ ಬುಟ್ಟಿ ತುಂಬಿ ಕೊಟ್ಟಳು. ಹೊತ್ತ.

ಮರುದಿನ ಕಾರ್ಮಿಕ ಇಲಾಖೆಯಿಂದ ಫೋನ್ ಬಂತು. ಆಚೆಯ ಹೆಂಗಸು, ಯಾರಾದರೂ ಬಂದಿದ್ದಾರೆಯೇ, ಬಂದವನನ್ನು ಬೇಡ ಅನ್ನಲು ಕಾರಣವೇನಾದರೂ ಇದೆಯೇ ಎಂದು ಕೇಳಿದಳು. ಕುಡುಕ ಅಂದರೆ ಸಾಕಿತ್ತು. ಅವನ ಹಳೆಯ ಕತೆ ಗೊತ್ತಿದ್ದವರೆಲ್ಲ ನಂಬುತ್ತಿದ್ದರು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಆರಿನ್ ಕಾಣಿಸಿದ. ಯಾರೂ ಹೇಳದೆಯೇ ಅವಳ ಮುರಿದ ಬೇಲಿ ಕಟ್ಟುತ್ತಿದ್ದ.

"ಕಾರಣ ಏನೂ ಇಲ್ಲ," ಅಂದಳು ಅಡೆಲ್. "ಒಳ್ಳೆ ಕೆಲಸಗಾರ."

ಆಮೇಲೆ ಜಮೈಕಾಕ್ಕೆ ಫೋನ್ ಮಾಡಿದಳು. ಒಬ್ಬರು ಬಂದಿದ್ದಾರೆ ಅಂದಳು. ಲಿನ್ವಲ್, ಏಣಿ ಹತ್ತುತ್ತಾರಾ ಎಂದು ಕೇಳಿದ. ಹತ್ತುತ್ತಾನೆ ಅಂದಳು.

"ಹಾಗಾದ್ರೆ ಅವರಿಗೇ ಕೊಡಿ, ಮಿಸ್ ಅಡೆಲ್. ಮರಕ್ಕೆ ಕೈ ಬೇಕು. ಯಾರದ್ದಾದ್ರೇನು?"

"ಮರಕ್ಕೆ ಯಾರದ್ದಾದ್ರೂ ಆಗತ್ತೆ," ಅಂದಳು ಅವಳು. "ನಂಗಾಗಲ್ಲ, ಲಿನ್ವಲ್."

ಆಗ ಅವನು 'ಮಿಸ್' ಬಿಟ್ಟ.

"ಅಡೆಲ್, ಇದನ್ನ ಹೋದ ವರ್ಷ ಏಣಿ ಕೆಳಗೆ ನಿಂತು ಹೇಳೋಕೇನಾಗಿತ್ತು ನಿಂಗೆ?"

"ಹೋದ ವರ್ಷ ನಿನ್ನ ಯಜಮಾನಿ ಆಗಿದ್ದೆ. ಈಗ ಅಲ್ವಲ್ಲ."

ಇಬ್ಬರೂ ನಕ್ಕರು. ನಕ್ಕಿದ್ದು ಅರ್ಧಕ್ಕೇ ನಿಂತಿತು. ಮದುವೆಯಾಗೋಣ, ಹಾಗೆ ಬಾ ಎಂದು ಅವಳೇ ಬಾಯಿಬಿಟ್ಟು ಕೇಳಿದಳು. ಇಲ್ಲಿರುವ ಪರವಾನಗಿ ಕಾಗದಕ್ಕೋಸ್ಕರ ಕಟ್ಟಿಕೊಂಡ ಎಂದು ನಿನ್ನ ಊರಿನವರು ಆಡಿಕೊಳ್ಳುತ್ತಾರೆ ಅಂದ ಅವನು. ನಾನೇ ಬರೋಣವೆಂದರೆ ಅತ್ತೆಯನ್ನು ಬಿಟ್ಟು ಒಂದು ದಿನವೂ ಕದಲುವ ಹಾಗಿಲ್ಲ ಅಂದಳು ಇವಳು.

"ಮುಂದಿನ ವರ್ಷ ಕರಿ," ಅಂದ ಲಿನ್ವಲ್. "ಕೆಲಸ ಮಾಡೋಕೇ ಬರ್ತೀನಿ. ಕೊಯ್ಲು ಮುಗಿದ ದಿನ ನಿನ್ನೆದುರು ನಿಂತು ನಾನೇ ಕೇಳ್ತೀನಿ. ಆದ್ರೆ ಒಂದೇ ವರ್ಷ ಕಣೇ. ಆಗಲೂ ಆಗದಿದ್ರೆ ಕೆನಡಾದ ತೋಟಕ್ಕೆ ಹೆಸರು ಕೊಡಬೇಕು. ನನ್ನ ಮಗಳು ಓದ್ತಿದಾಳೆ."

ಆ ಶರತ್ಕಾಲ ಆರಿನ್ ಚೆನ್ನಾಗಿಯೇ ದುಡಿದ. ಅಡೆಲ್ ಏಣಿಯ ಹತ್ತಿರ ಹೋಗಲಿಲ್ಲ. ಏಣಿ ಅಲ್ಲಾಡಿದ ದಿನವೂ ಹೋಗಲಿಲ್ಲ.

ಕೊಯ್ಲಿನ ಕೊನೆಯ ದಿನ ಅವನು ಅಡುಗೆಮನೆಗೆ ಬಂದಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ತಟ್ಟೆಯಲ್ಲಿ ಅರ್ಧ ಕಚ್ಚಿದ ಒಂದು ಮೆಣಸಿನಕಾಯಿ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಖಾರ," ಅಂದಳು.

"ತಿನ್ನೋಕೆ ಬರಲ್ಲ ಅಂತ ಗೊತ್ತಿದ್ದೂ ಯಾಕೆ ತಿಂತೀಯ?"

ಆರಿನ್ ಗಿಡ ನೋಡಿದ, ಅವಳನ್ನು ನೋಡಿದ. ಅದು ಯಾರ ಗಿಡ ಎಂದು ಮೆಲ್ಲಗೆ ಕೇಳಿದ. ಅವಳು ಹೇಳಿದಳು, ಎಲ್ಲವನ್ನೂ. ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಮೊದಲೇ ಹೇಳಬಾರದಿತ್ತಾ? ನಾನು ಬರ್ತಾನೇ ಇರಲಿಲ್ಲ."

"ಹೇಳೋ ಹಾಗಿರಲಿಲ್ಲ, ಆರಿನ್."

ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ. ಬೇಲಿಯನ್ನು ಇನ್ನೊಂದು ಸಲ ಅಲುಗಾಡಿಸಿ, ಗಟ್ಟಿ ಇದೆಯಾ ಎಂದು ನೋಡಿ, ಮನೆಗೆ ನಡೆದ. ಆ ಬೆನ್ನನ್ನು ನೋಡುತ್ತಾ ಅವಳಿಗೆ ಮತ್ತೆ ಅಳು ಬಂತು. ಆ ಸಲ ಮೆಣಸಿನಕಾಯಿಯ ನೆಪವೂ ಬೇಕಾಗಲಿಲ್ಲ.

ಈ ಮೇ ತಿಂಗಳಲ್ಲೂ ಮಂಜು ಬಿತ್ತು. ಮತ್ತೆ ಒಬ್ಬನಿಗೇ ಕೆಲಸ. ಚೀಟಿ ಹಲಗೆಗೆ ಬಂದಿದೆ. ಅದನ್ನು ಹರಿದುಹಾಕುವುದು ತಪ್ಪು, ಮುಚ್ಚುವುದೂ ತಪ್ಪು. ಆದರೆ ಮನುಷ್ಯ ಅಂಗಡಿಯಲ್ಲಿ ನಿಂತು ಕಾಫಿ ಕುಡಿಯುವುದು ತಪ್ಪಲ್ಲ. ಅಗೋ, ಬೆಳಿಗ್ಗೆಯಿಂದ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದಾನಲ್ಲ, ಆ ಅಗಲ ಹೆಗಲಿನವನು, ಅವನೇ ಆರಿನ್. ದಿನಾ ಬರುತ್ತಾನೆ. ಅಡೆಲ್‌ಗೆ ಗೊತ್ತಿಲ್ಲ. ಅವನು ಹೇಳುವುದೂ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಊರಿಗೆ ಹೊಸಬರು ನೀವು. ತೋಳು ಉದ್ದ ಇದೆ, ಕೆಲಸ ಹುಡುಕುವವರ ಹಾಗೆ ಆಗಿನಿಂದ ಆ ಹಲಗೆಯತ್ತ ಕತ್ತು ಚಾಚುತ್ತಿದ್ದೀರಿ. ಬೇಡ ಅನ್ನಲು ಅಡೆಲ್‌ಗೆ ಬಾಯಿಲ್ಲ. ನನಗಿದೆ. ಕತ್ತು ಈ ಕಡೆ ತಿರುಗಿಸಿ, ಕೈ ಜೇಬಿಗೆ ಹಾಕಿ. ಹಾಕಿದ್ದು ಹಾಕಿದಿರಿ, ಚಿಲ್ಲರೆ ಸಿಕ್ಕರೆ ಆರಿನ್‌ಗೊಂದು ಬಿಸಿ ಕಾಫಿ ಹೇಳಿ. ನನಗೂ ಒಂದು.