ಮಾವನ ಬಲಗಿವಿ

"ಐದಕ್ಕೆ ಐದು ಸ್ಟಾರಾ?" ಕ್ಲಾಸ್ ಲೀಡರ್ ಗೋಡೆ ಪತ್ರಿಕೆಗೆ ಮೂಗು ತಾಗಿಸಿಕೊಂಡು ಓದುತ್ತಿದ್ದ. "ಸ್ಟಾರಮ್ಮ, ನೀನು ಮೂರರ ಮೇಲೆ ಯಾರಿಗೂ ಕೊಟ್ಟಿದ್ದೇ ಇಲ್ವಲ್ಲೇ."

"ಭಾನುವಾರ ಹೋಗಿ ನೋಡು, ಗೊತ್ತಾಗುತ್ತೆ," ಎಂದಳು ಅವಳು.

ಸ್ಟಾರಮ್ಮ ಅನ್ನುವುದು ಕ್ಲಾಸಿನವರು ಇಟ್ಟ ಹೆಸರು. ಗೋಡೆ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವಳು ಅವಳೇ. ಅವಳ ಮಾವ, ಅಂದರೆ ಅಮ್ಮನ ಅಣ್ಣ, ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಡುವ ಗೇಟ್‌ಕೀಪರ್. ಹಾಗಾಗಿ ಯಾವ ಸಿನಿಮಾ ಬಂದರೂ ಅವಳಿಗೆ ಮೂಲೆಯ ಸೀಟು ಪುಕ್ಕಟೆ. ಶಾಲೆಯಲ್ಲಿ ಮಾತ್ರ, "ನಮ್ಮ ಮಾವ ಅಲ್ಲಿ ಮ್ಯಾನೇಜರ್" ಎಂದು ಬುರುಡೆ ಬಿಟ್ಟಿದ್ದಳು.

ಈ ಸಲ ಎರಡು ಸಿನಿಮಾ. ಬೆಳಗಿನ ಆಟಕ್ಕೆ ದೊಡ್ಡ ಹೆಸರಿನ ಹಳೆಯ ಯುದ್ಧದ ಸಿನಿಮಾ. ಮಧ್ಯಾಹ್ನಕ್ಕೆ ಯುದ್ಧವನ್ನೇ ಗೇಲಿ ಮಾಡುವ ಹೊಸ ಸಿನಿಮಾ. ಹಳೆಯದಕ್ಕೆ ಮೂರು ಸ್ಟಾರ್ ಕೊಟ್ಟು, "ಎಲ್ಲರೂ ಧೈರ್ಯವಂತರು. ಸಾಯುವ ಮೊದಲು ತುಂಬಾ ಹೊತ್ತು ಮಾತಾಡುತ್ತಾರೆ" ಎಂದು ಬರೆದಿದ್ದಳು.

ಹೊಸದರ ಬಗ್ಗೆ ಬರೆದದ್ದು ಹೀಗೆ: "ಪೆದ್ದ ಜನರಲ್, ಪುಕ್ಕಲು ಕ್ಯಾಪ್ಟನ್ ಚೆನ್ನಾಗಿದ್ದಾರೆ. ಆದರೆ ಎಲ್ಲರಿಗಿಂತ ಬೆಸ್ಟ್ ಕಿವುಡ ಫಿರಂಗಿಯವನು. ಸೈನ್ಯವೆಲ್ಲ ಓಡಿಹೋದರೂ ಅವನಿಗೆ ಕೇಳಿಸುವುದಿಲ್ಲ. ತಿರುಗಿ ನೋಡಿದರೆ ಒಬ್ಬರೂ ಇಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು."

ಭಾನುವಾರ ಮಧ್ಯಾಹ್ನ ಅರ್ಧ ಕ್ಲಾಸೇ ಥಿಯೇಟರಿನ ಮುಂದೆ ಕ್ಯೂ ನಿಂತಿತ್ತು. ಎಲ್ಲ ತನ್ನ ವಿಮರ್ಶೆ ಓದಿ ಬಂದವರು ಎಂದು ಸ್ಟಾರಮ್ಮನಿಗೆ ಒಳಗೊಳಗೇ ಹೆಮ್ಮೆ. ಅವಳೂ ಅವರ ಜೊತೆ ಕ್ಯೂನಲ್ಲೇ ನಿಂತಳು.

ಲೀಡರ್ ಟಿಕೆಟ್ ಕೊಟ್ಟು ಮಾವನಿಗೆ ಏನೋ ಹೇಳಿದ. ಮಾವ ಬಾಗಿ ಬಲಗಿವಿ ಕೊಟ್ಟ.

"ಏನಪ್ಪಾ? ಇನ್ನೊಂದ್ಸಲ ಹೇಳು."

ಲೀಡರ್ ಮತ್ತೆ ತುಟಿ ಆಡಿಸಿದ. ಬರೀ ತುಟಿ. ಹಿಂದಿದ್ದವರು ಕಿಸಕ್ಕೆಂದರು.

"ಗದ್ದಲ ಜಾಸ್ತಿ ಕಣಪ್ಪಾ, ಸ್ವಲ್ಪ ಜೋರಾಗಿ ಹೇಳು," ಎಂದು ಮಾವ ಇನ್ನಷ್ಟು ಬಾಗಿದ.

ಆಮೇಲೆ ಬಂದವಳೂ ಹಾಗೇ ಮಾಡಿದಳು. ಅವಳ ಹಿಂದಿನವನೂ ಹಾಗೇ ಮಾಡಿದ. ಮಾವ ಒಬ್ಬೊಬ್ಬರಿಗೂ ಬಾಗಿ, ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಕೇಳಿದ.

"ಥೇಟ್ ಫಿರಂಗಿಯವನೇ ಕಣೇ," ಎಂದು ಲೀಡರ್ ಸ್ಟಾರಮ್ಮನಿಗೆ ಕಣ್ಣು ಹೊಡೆದ.

ಮಾವನ ಕಿವಿ ಹೋಗಿದ್ದು ಸೈನ್ಯದಲ್ಲಿ, ಫಿರಂಗಿಯ ಪಕ್ಕ ನಿಂತು ನಿಂತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ಕೂಗಿದರೆ ಕೇಳುತ್ತದೆ. ಸ್ಟಾರಮ್ಮ ಹುಟ್ಟುವ ಮೊದಲಿನಿಂದಲೂ ಹಾಗೇ ಇತ್ತು. ಮನೆಯ ಗೋಡೆಯ ಬಗ್ಗೆ ಯಾರಾದರೂ ಕೂತು ಯೋಚಿಸುತ್ತಾರೆಯೇ? ಅವಳೂ ಯೋಚಿಸಿರಲಿಲ್ಲ, ವಿಮರ್ಶೆ ಬರೆಯುವಾಗಲೂ.

ಈಗ "ಅವರು ನಮ್ಮ ಮಾವ" ಅಂದರೆ ಸಾಕಿತ್ತು. ಆದರೆ ಹಾಗಂದರೆ ಮ್ಯಾನೇಜರ್ ಬುರುಡೆ ಬಯಲಾಗುತ್ತಿತ್ತು. ಅವಳು ಮುಖ ತಿರುಗಿಸಿ ಗೋಡೆಯ ಮೇಲಿನ ಪೋಸ್ಟರ್ ನೋಡುತ್ತ ನಿಂತಳು.

ಆಟ ಮುಗಿದು, ಮಾವನ ಡ್ಯೂಟಿಯೂ ಮುಗಿದ ಮೇಲೆ ಇಬ್ಬರೂ ಮನೆಯ ಕಡೆ ಹೊರಟರು. ಎಂದಿನಂತೆ ಅವಳು ಬಲಗಡೆ. ಬಾಗಿಲಲ್ಲಿ ನಿಂತು ಮಾವ ಎಲ್ಲ ಸಿನಿಮಾ ನೋಡುತ್ತಾನೆ, ಮಾತು ಮಾತ್ರ ಸಿಗುವುದಿಲ್ಲ. ಅದನ್ನು ದಾರಿಯುದ್ದಕ್ಕೂ ಅವಳು ಆ ಕಿವಿಗೆ ಕೂಗಿ ಹೇಳುತ್ತಾಳೆ. ಹಳೆಯ ಸಿನಿಮಾ ಹೇಳಿದ ದಿನ ಮಾವ, "ಫಿರಂಗಿ ಸಿಡೀತಾ ಇದ್ರೂ ಅಷ್ಟು ಮೆಲ್ಲಗೆ ಆಡಿದ ಮಾತು ಅವರಿಗೆಲ್ಲ ಕೇಳ್ತಾ? ಪುಣ್ಯವಂತರು," ಎಂದಿದ್ದ. ಇಬ್ಬರೂ ನಕ್ಕಿದ್ದರು. ಹೊಸದನ್ನು ಹೇಳುವುದು ಬಾಕಿ ಇತ್ತು.

"ಅಲ್ಲ ಮರಿ," ಎಂದ ಮಾವ, "ಆ ಫಿರಂಗಿಯವನು ತಿರುಗಿ ನೋಡ್ತಾನಲ್ಲ, ಆಗ ಜನ ಯಾಕೆ ಅಷ್ಟು ನಗೋದು? ಒಬ್ಬನೇ ಉಳಿದಿರ್ತಾನೆ, ಪಾಪ. ಮಾತಲ್ಲೇನೋ ತಮಾಷೆ ಇರಬೇಕು ಅಂದ್ಕೊಂಡು ವಾರಪೂರ್ತಿ ನಾನೂ ಅವರ ಜೊತೆ ನಕ್ಕೆ."

ಏನಾದರೂ ಒಂದು ಜೋಕು ಕಟ್ಟಿ ಹೇಳಬಹುದಿತ್ತು. ಮಾವ ನಂಬುತ್ತಿದ್ದ.

"ಮಾತೇನೂ ಇಲ್ಲ ಮಾವ," ಎಂದು ಕೂಗಿದಳು. "ಅವನಿಗೆ ಕಿವಿ ಕೇಳಲ್ಲ. ಅದಕ್ಕೇ ನಗೋದು."

ಮಾವ ತಿರುಗಿ ಥಿಯೇಟರಿನ ಕಡೆ ನೋಡಿದ.

"ಗೇಟಲ್ಲಿ ಆ ಮಕ್ಕಳು?"

"ಅವರೂ ಅದಕ್ಕೇ."

"ನಿನ್ನ ಕ್ಲಾಸಿನವರಾ?"

ಅವಳು ತಲೆಯಾಡಿಸಿದಳು.

"ನೀನು ಪೋಸ್ಟರ್ ನೋಡ್ತಾ ಇದ್ದೆ," ಎಂದ ಮಾವ. "ನಾನು ನೋಡಿದೆ."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಳೆಯ ಸಿನಿಮಾದಲ್ಲಿ ಅಷ್ಟೊಂದು ಫಿರಂಗಿ ಸಿಡಿದರೂ ಒಬ್ಬನ ಕಿವಿಯೂ ಹೋಗಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಕಿವಿ ಹೋದವನು ಇದ್ದದ್ದು ಹೊಸದರಲ್ಲಿ, ಅದೂ ಜನ ನಗಲಿ ಎಂದು. ಅವಳು ನಕ್ಕು ಐದು ಸ್ಟಾರ್ ಕೊಟ್ಟು ಬಂದಿದ್ದಳು.

ರಸ್ತೆ ದಾಟುವಾಗ ಮಾವ ಅವಳ ಕೈ ಹಿಡಿದುಕೊಂಡ. ದಾಟಿದ ಮೇಲೆ ನೋಡಿದರೆ ಅವಳು ಮಾವನ ಎಡಗಡೆ, ಕೇಳದ ಕಿವಿಯ ಕಡೆ ಇದ್ದಳು. ಮಾವ ಮರೆತಿರಬೇಕು ಎಂದುಕೊಂಡು ಬಲಗಡೆಗೆ ಬರಲು ಹೋದಳು. ಮಾವ ಕೈ ಸಡಿಲಿಸಲಿಲ್ಲ.

"ತಪ್ಪಾಯ್ತು ಮಾವ," ಎಂದಳು.

ಮಾವ ಮುಂದೆ ನೋಡುತ್ತ ನಡೆಯುತ್ತಿದ್ದ. ಅವಳು ಮತ್ತೆ ಹೇಳಲಿಲ್ಲ. ಅವನ ಕೈ ಹಿಡಿದುಕೊಂಡು, ಆ ಕಡೆಯೇ, ಮನೆಯವರೆಗೂ ನಡೆದಳು.