ಚಿಲಕ ತೆಗೆದವರು

ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿದ್ದ ದಿನಗಳು. ಅಂಗಳದ ಹಸಿರು ಪರದೆಯ ನೆರಳಿನಲ್ಲಿ ಅಮ್ಮ ಕೊಟ್ಟಿಗೆಗೆ ಬೆನ್ನು ಮಾಡಿ ಕೂತು ಸಸಿ ಟ್ರೇಗಳಿಗೆ ಮಣ್ಣು ತುಂಬುತ್ತಿದ್ದಳು. ಪಕ್ಕದಲ್ಲಿ ಮಗಳು ಜೀರಿಗೆ, ಅವಳಂತೆಯೇ ಬೆನ್ನು ಮಾಡಿ ಕೂತು, ಬೆರಳಿನಿಂದ ಪುಟ್ಟ ಕುಳಿ ಮಾಡಿ, ಬೀಜ ಹಾಕಿ, ಮೇಲೆ ಚಿಟಿಕೆ ಮಣ್ಣು ಉದುರಿಸುತ್ತಿದ್ದಳು. ಸಸಿ ಬೆಳೆಸಿ ಮಾರುವ ಮನೆಯಲ್ಲಿ ಭಾನುವಾರವೂ ಕೈಗೆ ಬಿಡುವಿಲ್ಲ. ಹುಟ್ಟಿದಾಗ ತೀರಾ ಸಣ್ಣಗಿದ್ದಳೆಂದು ಮನೆಯವರು ಅವಳನ್ನು ಜೀರಿಗೆ ಎಂದು ಕರೆದಿದ್ದರು. ಐದನೇ ಕ್ಲಾಸಿಗೆ ಬಂದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ.

ಬೇಲಿಯ ಆಚೆಯಿಂದ ಪಕ್ಕದ ತೋಟದ ದೊಡ್ಡಮ್ಮನ ದನಿ ಕೇಳಿತು.

"ನಿಮ್ಮ ಮೇಡಂ ಊಟಕ್ಕೆ ಬಂದು ಕೂತಿದ್ದಾರೆ. ಯಾರಾದ್ರೂ ಬಂದು ಕರ್ಕೊಂಡು ಹೋಗ್ರಪ್ಪ."

ಮೇಡಂ ಎಂದರೆ ಅವರ ಮನೆಯ ಮೇಕೆ. ಕತ್ತೆತ್ತಿಕೊಂಡು, ಯಾರನ್ನೂ ಲೆಕ್ಕಿಸದೆ ನಡೆಯುವ ಅದರ ಠೀವಿ ನೋಡಿ ಅಣ್ಣ ಆ ಹೆಸರಿಟ್ಟಿದ್ದ. ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿದವಳು ಜೀರಿಗೆ. ಈಗಲೂ ಸೊಪ್ಪು ಹಾಕುವುದು, ನೀರಿಡುವುದು, ಕೊಟ್ಟಿಗೆಯ ಗೇಟಿಗೆ ಚಿಲಕ ಹಾಕುವುದು ಎಲ್ಲ ಅವಳದೇ ಕೆಲಸ. ಬೇರೆಯವರು ಕೈಹಾಕಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಜೀರಿಗೆ ಓಡಿಹೋಗಿ ನೋಡಿದರೆ ಎಲೆಕೋಸಿನ ಒಂದು ಸಾಲು ಬುಡಮಟ್ಟ ಬೋಳಾಗಿತ್ತು. ಮೇಡಂ ಏನೂ ಅರಿಯದಂತೆ ಬಾಯಾಡಿಸುತ್ತ ನಿಂತಿತ್ತು. ಹಿಂದಿನ ವಾರವೂ ಹೀಗೇ ಆಗಿತ್ತು.

"ಗೇಟು ಹಾಕೋಕೆ ಬರದವರು ಮೇಕೆ ಯಾಕೆ ಸಾಕ್ಬೇಕೋ," ಎಂದು ದೊಡ್ಡಮ್ಮ ಆಕಾಶ ನೋಡಿಕೊಂಡು ಹೇಳಿದಳು. ಅದು ಆಕಾಶಕ್ಕೆ ಹೇಳಿದ ಮಾತಲ್ಲ ಎಂದು ಜೀರಿಗೆಗೆ ಗೊತ್ತಾಯಿತು.

ತಾನು ಚಿಲಕ ಹಾಕಿಯೇ ಬಂದಿದ್ದೆ ಎಂದು ಅವಳು ಮನೆಯಲ್ಲಿ ಎಷ್ಟು ಹೇಳಿದರೂ ಅಣ್ಣ ನಂಬಲಿಲ್ಲ. ಹಾಗಾದರೆ ಮೇಡಂ ಯಾರಿಗೆ ಫೋನ್ ಮಾಡಿ ಗೇಟು ತೆಗೆಸಿಕೊಂಡಿತು ಎಂದು ಕೇಳಿದ. ಅಪ್ಪ ಮಾತ್ರ ವಾದ ಮಾಡದೆ ತನ್ನ ಫೋನ್ ತೆಗೆದ. ಸಸಿ ಟ್ರೇಗಳು ಕಾಣೆಯಾಗುತ್ತಿವೆ ಎಂದು ಅಂಗಳ ಮತ್ತು ಕೊಟ್ಟಿಗೆ ಎರಡೂ ಕಾಣುವಂತೆ ಗೋಡೆಗೆ ಒಂದು ಕ್ಯಾಮೆರಾ ಹಾಕಿಸಿದ್ದ. ಅದು ಹಿಡಿದ ವಿಡಿಯೋಗಳೆಲ್ಲ ಫೋನಿಗೇ ಬರುತ್ತಿದ್ದವು.

ಬೆಳಗಿನ ವಿಡಿಯೋದಲ್ಲಿ ಜೀರಿಗೆ ಸೊಪ್ಪಿನ ಕಟ್ಟು ಹಿಡಿದು ಬಂದಳು. ಗೇಟು ತೆಗೆದು ಒಳಗೆ ಹೋದಳು. ಅಷ್ಟಕ್ಕೆ ವಿಡಿಯೋ ಮುಗಿಯಿತು. ಮುಂದಿನವುಗಳಲ್ಲಿ ಅವಳು ಆಗಲೇ ಅಮ್ಮನ ಪಕ್ಕ ಕೂತಿದ್ದಳು. ಕೊನೆಯದು, ದೊಡ್ಡಮ್ಮ ಬೇಲಿಯ ಮೇಲಿಂದ ಕೈ ಬೀಸುತ್ತಿದ್ದದ್ದು. ನಡುವೆ ಯಾರೂ ಕೊಟ್ಟಿಗೆಯ ಕಡೆ ಸುಳಿದಿರಲಿಲ್ಲ.

"ಚಿಲಕ ಹಾಕಿದ್ದು ಎಲ್ಲಿದೆ ತೋರಿಸು," ಎಂದ ಅಣ್ಣ.

"ಕ್ಯಾಮೆರಾಗೆ ನಿನ್ನ ಮೇಲೆ ಹಗೆ ಇಲ್ಲವಲ್ಲ ಮಗಳೇ," ಎಂದ ಅಪ್ಪ. ಮೆತ್ತಗೇ ಹೇಳಿದ. ನಾಳೆಯಿಂದ ಅಣ್ಣನೇ ಮೇಡಂ ಅನ್ನು ನೋಡಿಕೊಳ್ಳಲಿ ಎಂದೂ ಅಷ್ಟೇ ಮೆತ್ತಗೆ ಹೇಳಿದ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಜೀರಿಗೆಗೆ.

ಆ ಮಧ್ಯಾಹ್ನ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಚಿಲಕದ ತಣ್ಣನೆಯ ಕಬ್ಬಿಣ ಬೆರಳಿಗೆ ತಾಗಿದ ನೆನಪೇನೋ ಇತ್ತು. ಆದರೆ ಅದು ಇವತ್ತಿನದೋ, ನಿನ್ನೆಯದೋ? ಫೋನಿನೊಳಗಿನ ಜೀರಿಗೆ ಚಿಲಕ ಹಾಕಿರಲಿಲ್ಲ. ಹೊರಗಿನ ಜೀರಿಗೆ ಹಾಕಿದ್ದೇನೆ ಎಂದರೆ ಕೇಳುವವರು ಯಾರು?

ಅಪ್ಪ ಮಲಗಿದ್ದಾಗ ಅಮ್ಮನನ್ನು ಕೇಳಿ ಫೋನ್ ಇಸಿದುಕೊಂಡು, ಆ ದಿನದ ವಿಡಿಯೋಗಳನ್ನೆಲ್ಲ ಮೊದಲಿನಿಂದ ನೋಡಿದಳು. ಅಣ್ಣ ಸೈಕಲ್ ಹತ್ತಿ ಹೊರಟಿದ್ದ. ಹಿಂದಿನ ಚಕ್ರ ಅಂಗಳದಲ್ಲೇ ಇತ್ತು, ಅಷ್ಟರಲ್ಲಿ ವಿಡಿಯೋ ಮುಗಿದಿತ್ತು. ಅಮ್ಮ ಬಕೆಟ್ ಹಿಡಿದು ಟ್ಯಾಂಕಿನ ಕಡೆ ಹೋಗಿದ್ದಳು. ಬರುವುದು ಎಲ್ಲೂ ಇರಲಿಲ್ಲ.

"ಅಮ್ಮ, ಬೆಳಿಗ್ಗೆ ನೀರಿಗೆ ಹೋದವಳು ವಾಪಸ್ ಬಂದೆಯಾ?"

"ಬರದೇ ಇದ್ರೆ ನಿಂಗೆ ಅನ್ನ ಹಾಕಿದ್ದು ಯಾರೇ?"

ಜೀರಿಗೆ ಮತ್ತೆ ಫೋನಿಗೆ ಬಗ್ಗಿದಳು. ಯಾವ ವಿಡಿಯೋ ನೋಡಿದರೂ ಉದ್ದ ಒಂದೇ. ಹತ್ತು ಸೆಕೆಂಡ್. ಅವಳು ರೆಕಾರ್ಡಿಂಗ್ ಸೆಟ್ಟಿಂಗ್ಸ್ ಒತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕ್ಲಿಪ್ ಎಷ್ಟು ಉದ್ದ ಇರಬೇಕು ಎನ್ನುವಲ್ಲಿ ಹತ್ತು ಸೆಕೆಂಡ್. ಒಂದು ಕ್ಲಿಪ್ ಆದಮೇಲೆ ಎಷ್ಟು ಹೊತ್ತು ಬಿಡುವು ಎನ್ನುವಲ್ಲಿ ಒಂದು ನಿಮಿಷ. ಈ ಕ್ಯಾಮೆರಾ, ಕ್ಲಾಸಿನ ಕೊನೆಯ ಬೆಂಚಿನಲ್ಲಿ ತೂಕಡಿಸುವವರ ಹಾಗೆ, ಒಮ್ಮೆ ಕಣ್ಣುಬಿಟ್ಟು ನೋಡಿ ಮತ್ತೆ ನಿದ್ದೆಗೆ ಜಾರುತ್ತಿತ್ತು. ಅವಳು ಚಿಲಕ ಹಾಕಿದ್ದು ಅದರ ನಿದ್ದೆಯ ಹೊತ್ತಿನಲ್ಲಿ.

ಎದ್ದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡಿದ. ಬ್ಯಾಟರಿ ಉಳಿಯಲಿ ಎಂದು ಕ್ಯಾಮೆರಾ ಹಾಕಲು ಬಂದವನೇ ಹಾಗೆ ಇಟ್ಟುಹೋಗಿದ್ದನಂತೆ. ಕ್ಲಿಪ್ ಉದ್ದ ಮಾಡಲು, ಬಿಡುವು ತೆಗೆಯಲು ಅಪ್ಪ ಒಪ್ಪಿದ. ಆದರೆ ಅಣ್ಣ ಬಿಡಲಿಲ್ಲ. ಚಿಲಕ ಹಾಕಿದ್ದು ಕ್ಯಾಮೆರಾಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಹಾಕಿದ್ದಳು ಎಂದಾಗುತ್ತದೆಯೇ ಎಂದು ಕೇಳಿದ. ಆ ಮಾತಿನಲ್ಲಿ ತಪ್ಪಿರಲಿಲ್ಲ. ಜೀರಿಗೆ ಎದ್ದು ಹೋದಳು.

ಮಂಗಳವಾರ ಅಪ್ಪ ಅಮ್ಮ ಬೆಳಿಗ್ಗೆಯೇ ಸಸಿ ಮಾರಲು ಹೋದ ಮೇಲೆ ಅಣ್ಣ ಮೇಡಂಗೆ ಸೊಪ್ಪು ಹಾಕಿ, ಚಿಲಕ ಎಳೆದು, ಕ್ಯಾಮೆರಾದ ಕಡೆ ತಿರುಗಿ ಸಲ್ಯೂಟ್ ಹೊಡೆದು ಶಾಲೆಗೆ ಹೋದ. ಸಂಜೆ ಬರುವಷ್ಟರಲ್ಲಿ ಎಲೆಕೋಸಿನ ಎರಡನೆಯ ಸಾಲೂ ಬೋಳಾಗಿತ್ತು.

ಎಲ್ಲರೂ ಫೋನಿನ ಸುತ್ತ ಸೇರಿದರು. ಚಿಲಕ ಹಾಕಿದ್ದು, ಸಲ್ಯೂಟು, ಎಲ್ಲ ಸ್ಪಷ್ಟವಾಗಿತ್ತು. ಅದರ ನಂತರ ಬಂದ ವಿಡಿಯೋ ದೊಡ್ಡಮ್ಮನದು. ನಡುವೆ ಏನೂ ಇಲ್ಲ.

"ನಾನು ಹಾಕಿದೀನಿ. ನೋಡಿ, ಹಾಕಿದೀನಲ್ಲ," ಎಂದು ಅಣ್ಣ ಮತ್ತೆ ಮತ್ತೆ ಹೇಳಿದ. ಮುಖ ಸಣ್ಣಗಾಗಿತ್ತು.

ಅವನನ್ನು ಆಡಿಕೊಳ್ಳಲು ಜೀರಿಗೆಗೆ ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಭಾನುವಾರ ತನ್ನ ಗಂಟಲಿನಲ್ಲಿದ್ದದ್ದೂ ಇದೇ ದನಿ ಅನ್ನಿಸಿ ಅದನ್ನು ನುಂಗಿಕೊಂಡಳು. ಫೋನ್ ತೆಗೆದುಕೊಂಡು ಇನ್ನೊಮ್ಮೆ ಮೊದಲಿನಿಂದ ನೋಡಿದಳು.

"ಅಪ್ಪ, ಗೇಟು ಯಾರೇ ತೆಗೀಲಿ, ಮೇಡಂ ಅಂಗಳ ದಾಟಿಯೇ ಹೋಗ್ಬೇಕಲ್ವಾ? ಹಾರಿಕೊಂಡು ಹೋಗೋಕೆ ಅದೇನು ಕಾಗೆನಾ?"

"ಹೌದಲ್ಲ."

"ಮತ್ತೆ ದಾಟಿದ್ದು ಯಾಕಿಲ್ಲ? ಮೇಡಂ ಒಂದೇ ಅಲ್ಲ. ಕಾಗೆ ಇಲ್ಲ, ಬೆಕ್ಕಿಲ್ಲ. ಇಲ್ಲಿರೋದೆಲ್ಲ ಬರೀ ಮನುಷ್ಯರೇ."

ಅಪ್ಪ ತಲೆ ಕೆರೆದುಕೊಂಡ. ಆಮೇಲೆ ನಾಲಿಗೆ ಕಚ್ಚಿಕೊಂಡ. ಕ್ಯಾಮೆರಾ ಹಾಕಿಸಿದ ಹೊಸದರಲ್ಲಿ ಮೇಡಂ ಬಾಲ ಅಲ್ಲಾಡಿಸಿದರೂ ಫೋನ್ ಟಿಂಗ್ ಎನ್ನುತ್ತಿತ್ತಂತೆ. ಆ ಕಾಟ ತಾಳಲಾರದೆ, ಮನುಷ್ಯರು ಬಂದರೆ ಮಾತ್ರ ರೆಕಾರ್ಡ್ ಮಾಡು ಎನ್ನುವುದನ್ನು ಅಪ್ಪನೇ ಒತ್ತಿ, ಒತ್ತಿದ್ದನ್ನೂ ಮರೆತಿದ್ದ. ಕಳ್ಳತನ ಮಾಡುವವರು ಮನುಷ್ಯರೇ ತಾನೆ ಎಂದುಕೊಂಡಿದ್ದನಂತೆ.

ಜೀರಿಗೆ ಆ ಸೆಟ್ಟಿಂಗ್ ಹುಡುಕಿ, ಏನೇ ಅಲುಗಾಡಿದರೂ ರೆಕಾರ್ಡ್ ಮಾಡು ಎನ್ನುವಲ್ಲಿಗೆ ಬದಲಾಯಿಸಿದಳು. ಮೇಡಂ ಮತ್ತೆ ಎಲೆಕೋಸಿಗೆ ಬಾಯಿ ಹಾಕದಂತೆ ಮರುದಿನ ಅಮ್ಮ ಮಣ್ಣು, ಟ್ರೇಗಳನ್ನೆಲ್ಲ ಬೇಲಿಯ ಹತ್ತಿರಕ್ಕೆ ಒಯ್ದು ಕೂತಳು. ಅಲ್ಲಿಂದ ಕೊಟ್ಟಿಗೆ ಕಾಣುತ್ತಿರಲಿಲ್ಲ.

ಬುಧವಾರ ಜೀರಿಗೆಗೆ ಶಾಲೆ ಮುಗಿಯುವುದೇ ತಡವಾಯಿತು. ಅವಳು ಓಡಿ ಬಂದಾಗ ಅಪ್ಪ ಫೋನ್ ಹಿಡಿದು ಅಂಗಳದಲ್ಲಿ ನಿಂತಿದ್ದ, ಅಮ್ಮನೂ ಅಣ್ಣನೂ ಪಕ್ಕದಲ್ಲಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಮೇಡಂ ಬೇಲಿಯ ಹತ್ತಿರ ಬಂದು ಅಮ್ಮನ ಕೈಗೆ ಸಿಕ್ಕಿಬಿದ್ದಿತ್ತಂತೆ.

"ಬೆಳಿಗ್ಗೆಯಿಂದ ಟಿಂಗ್ ಟಿಂಗ್ ಅಂತ ತಲೆ ತಿಂದುಬಿಟ್ಟಿದೆ," ಎಂದ ಅಪ್ಪ. "ನೀನು ಬರ್ಲಿ ಅಂತ ನಾನು ನೋಡಿಲ್ಲ. ತಗೋ, ನೀನೇ ತೆಗಿ."

ಒಂದು ಕಾಗೆ ಕುಪ್ಪಳಿಸಿತು. ಬೆಕ್ಕು ಮೈಮುರಿದು ಹೋಯಿತು. ಆಮೇಲೆ ಮೇಡಂ. ಗೇಟಿನ ಹತ್ತಿರ ಬಂದು ಈ ಕಡೆ ನೋಡಿತು, ಆ ಕಡೆ ನೋಡಿತು. ಪಟ್ಟಿಗಳ ಸಂದಿಯಿಂದ ಮೂತಿ ಹೊರಗೆ ತೂರಿಸಿತು. ತುಟಿಯಿಂದ ಚಿಲಕದ ಹಿಡಿ ತಡವಿತು. ಜಾರಿತು. ಹೋಗಲಿ ಎಂಬಂತೆ ತಿರುಗಿ ಎರಡು ಬಾಯಿ ಸೊಪ್ಪು ತಿಂದು ಬಂತು. ಮತ್ತೆ ಮೂತಿ ತೂರಿಸಿ, ಹಿಡಿಯನ್ನು ಮೇಲಕ್ಕೆ ಎತ್ತಿ, ಹಲ್ಲಿನಲ್ಲಿ ಕಚ್ಚಿ, ಸರಕ್ಕನೆ ಪಕ್ಕಕ್ಕೆ ಎಳೆಯಿತು. ಎದೆಯಿಂದ ಗೇಟು ನೂಕಿ, ಕತ್ತೆತ್ತಿಕೊಂಡು, ಸಾಕ್ಷಾತ್ ಮೇಡಂನಂತೆಯೇ ಅಂಗಳ ದಾಟಿ ಹೊರಟಿತು.

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಅಪ್ಪ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅಣ್ಣನಂತೂ ಆ ವಿಡಿಯೋವನ್ನು ಎಷ್ಟು ಸಲ ಹಾಕಿದನೋ. ದಿನಾ ನಿನ್ನನ್ನೇ ನೋಡಿ ಕಲಿತಿದೆ, ಪಾಠ ಹೇಳಿಕೊಟ್ಟ ಮೇಡಂ ನೀನೇ ಎಂದು ತಂಗಿಯ ಜಡೆ ಎಳೆದ.

ಜೀರಿಗೆ ಅಂಗಳದ ಸುತ್ತ ಓಡಿದಳು. ನಿಲ್ಲಲಾಗದೆ ಇನ್ನೊಂದು ಸುತ್ತು ಓಡಿದಳು.

ಅಪ್ಪ ಅವಳನ್ನು ಹಿಡಿದು ನಿಲ್ಲಿಸಿದ. "ನಿನ್ನ ಮಾತು ಬಿಟ್ಟು ಫೋನಿನ ಮಾತು ಕೇಳಿದೆ. ನಂದು ತಪ್ಪಾಯ್ತು ಮಗಳೇ. ಮೇಡಂ ನಿಂದೇ."

ಚಿಲಕಕ್ಕೆ ಮೇಡಂನ ಹಲ್ಲಿಗೆ ಬಗ್ಗದಂಥ ಒಂದು ಕೊಂಡಿ ಬಿತ್ತು. ಇನ್ನು ಉಳಿದದ್ದು ದೊಡ್ಡಮ್ಮನ ಎಲೆಕೋಸು. ತಾನೇ ಹೋಗಿ ಸಸಿ ಕೊಟ್ಟು ಬರುತ್ತೇನೆ, ಜೀರಿಗೆಯ ತಪ್ಪಿಲ್ಲ ಎಂದೂ ಹೇಳಿ ಬರುತ್ತೇನೆ ಎಂದು ಅಪ್ಪ ಎದ್ದ. ಜೀರಿಗೆ ಬೇಡ ಎಂದಳು. ಕಳೆದ ತಿಂಗಳು ತಾನೇ ಬಿತ್ತಿ, ತಾನೇ ನೀರು ಹಾಕಿದ ಎಲೆಕೋಸಿನ ಸಸಿಯ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೇಲಿ ದಾಟಿದಳು.

ದೊಡ್ಡಮ್ಮ ಬೋಳು ಸಾಲಿನಲ್ಲಿ ಮಣ್ಣು ಸಡಿಲ ಮಾಡುತ್ತಿದ್ದಳು. ಇವರ ಮನೆಯ ನಗು, ಮಾತು ಬೇಲಿ ದಾಟಿ ಬಂದಿರಬೇಕು, ವಿಷಯವೆಲ್ಲ ಅವಳಿಗೆ ಆಗಲೇ ತಿಳಿದಿತ್ತು.

"ಗೇಟು ತೆಗೆದಿದ್ದು ನೀನಲ್ಲವಂತೆ. ಸುಮ್ಮನೆ ನಿನ್ನ ಅಂದುಬಿಟ್ಟೆ. ಮತ್ತೆ ಇದನ್ನ ಯಾಕೆ ನೀನು ಹೊತ್ಕೊಂಡು ಬಂದೆ?"

"ತಿಂದಿದ್ದು ನಮ್ಮ ಮೇಡಂ ತಾನೇ, ದೊಡ್ಡಮ್ಮ."

ದೊಡ್ಡಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಮೊನ್ನೆ ಇದೇ ಬದುವಿನ ಮೇಲೆ ತಲೆ ತಗ್ಗಿಸಿ ನಿಂತಿದ್ದ ಜೀರಿಗೆ ಈಗ ದೊಡ್ಡಮ್ಮನ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತು, ಮೊದಲ ಸಸಿಯನ್ನು ಬೇರು ಹರಿಯದಂತೆ ಮೆಲ್ಲಗೆ ಎತ್ತಿ ಕೊಟ್ಟಳು.