ಅಪ್ಪನ ಮೆಗಾಫೋನ್

“ಕಣ್ಣು ಉಜ್ಜಬೇಡ ಕಣೇ! ಉಜ್ಜಿದ್ರೆ ಇನ್ನೂ ಉರಿಯುತ್ತೆ!”

ಬೇಕರಿಯವಳು ಯೆಹಾರಾಳ ಎರಡೂ ಕೈ ಹಿಡಿದುಕೊಂಡು ಮುಖಕ್ಕೆ ನೀರು ಹುಯ್ಯುತ್ತಿದ್ದಳು. ಹತ್ತು ವರ್ಷದ ಯೆಹಾರಾಗೆ ಏನೂ ಕಾಣುತ್ತಿರಲಿಲ್ಲ. ಅಜ್ಜಿ ಕೆಮ್ಮುವುದು ಮಾತ್ರ ಕೇಳುತ್ತಿತ್ತು. ಆಮೇಲೆ ಕೆಮ್ಮೂ ನಿಂತು, ಬರೀ ಸುಯ್ ಸುಯ್ ಎಂಬ ಸದ್ದು.

“ಅಜ್ಜೀ!”

“ಇಲ್ಲೇ ಇದ್ದಾರಮ್ಮ. ಯಾರ ಆಟೋದಲ್ಲಿ ಪೆಟ್ರೋಲ್ ಇದೆ ನೋಡ್ರೋ! ಬೇಗ! ಈಯಮ್ಮಂಗೆ ಉಸಿರು ಸಿಗ್ತಿಲ್ಲ!”

ಆ ವರ್ಷ ದೇಶದಲ್ಲೆಲ್ಲೂ ಪೆಟ್ರೋಲು, ಗ್ಯಾಸು ಸಿಗುತ್ತಿರಲಿಲ್ಲ; ರಾಜಧಾನಿ ಕೊಲಂಬೊದಲ್ಲೂ ಕ್ಯೂ, ಅವರ ಪುಟ್ಟ ಊರಿನಲ್ಲೂ ಕ್ಯೂ. ಅಡುಗೆ ಗ್ಯಾಸಿಗಂತೂ ಮೂರು ದಿನದಿಂದ ಕಾಯುತ್ತಿದ್ದರು. ಜನರ ಬದಲು ಖಾಲಿ ಸಿಲಿಂಡರುಗಳು ಸಾಲಾಗಿ ನಿಲ್ಲುತ್ತಿದ್ದವು. ಅವಕ್ಕೆಲ್ಲ ಒಂದೇ ಸರಪಳಿ ಹಾಕಿ ಬೀಗ ಜಡಿದು, ಜನ ನೆರಳಿನಲ್ಲಿ ಕೂರುತ್ತಿದ್ದರು. ಯೆಹಾರಾ ತಮ್ಮ ಸಿಲಿಂಡರಿನ ಮೇಲೆ ನೈಲ್ ಪಾಲಿಶ್‌ನಲ್ಲಿ ಹೆಸರು ಬರೆದಿದ್ದಳು.

ಆ ದಿನ ಗ್ಯಾಸ್ ಲಾರಿ ರಸ್ತೆಯ ಆಚೆ ಬದಿಗೆ ಬರುತ್ತದೆ ಎಂದು ಯಾರೋ ಹೇಳಿದರು. ಬೀಗ ತೆಗೆದು, ಸಾಲನ್ನು ಆಚೆಗೆ ಎಳೆಯತೊಡಗಿದರು. ಅರ್ಧ ದಾಟುವಷ್ಟರಲ್ಲಿ ಲಾರಿಯೇ ಬರುವುದಿಲ್ಲ ಎಂಬ ಸುದ್ದಿ ಬಂತು. ಸಿಲಿಂಡರುಗಳು ನಡುರಸ್ತೆಯಲ್ಲೇ ನಿಂತವು. “ಗ್ಯಾಸ್ ಕೊಡಿ! ಗ್ಯಾಸ್ ಕೊಡಿ!” ಎಂದು ಜನ ಕೂಗಿದರು. ಕೂಗದೆ ಇನ್ನೇನು ಮಾಡಬೇಕಿತ್ತು?

ಪೊಲೀಸ್ ಜೀಪು ಬಂತು. ಅವರ ಕಣ್ಣಿಗೆ ಅದು ರಸ್ತೆ ತಡೆ. ಢಬ್! ಢಬ್! ಅಶ್ರುವಾಯುವಿನ ಬಿಳಿ ಹೊಗೆ ಎದ್ದಿತು. ಅಜ್ಜಿ ಅಂಗಡಿ ಕಟ್ಟೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

ಸಂಜೆ ಅಮ್ಮ ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ಉಳಿದಳು. ಅಪ್ಪ ಮನೆಗೆ ಓಡಿ ಬಂದು ಯೆಹಾರಾಳನ್ನು ಬಾಚಿ ತಬ್ಬಿಕೊಂಡ. ಅಪ್ಪನ ಹೆಸರು ಜಯತಿಸ್ಸ; ಅದೇ ಊರಿನ ಕಾನ್‌ಸ್ಟೇಬಲ್.

ಅಪ್ಪನ ಅಂಗಿಗೆ ಮುಖ ತಾಗಿದ್ದೇ ತಡ, ಯೆಹಾರಾಳ ಕಣ್ಣು ಮತ್ತೆ ಉರಿಯತೊಡಗಿತು.

ಅವಳು ಹಿಂದೆ ಸರಿದಳು. “ಅಪ್ಪ, ನೀನೂ ಅಲ್ಲಿದ್ದ್ಯಾ?”

ಅಪ್ಪ ಅಂಗಿ ಬಿಚ್ಚಿ ಹಿತ್ತಲಿಗೆ ಎಸೆದ. “ನೀವು ಅಲ್ಲಿದ್ದಿದ್ದು ನಂಗೆ ಗೊತ್ತಿರಲಿಲ್ಲ ಮಗಳೇ.”

ಒಂದು ವಿಷಯ ಯೆಹಾರಾಳ ತಲೆಯಲ್ಲಿ ಕೊರೆಯುತ್ತಿತ್ತು. ಜೀಪಿನಲ್ಲಿ ಅಪ್ಪನ ಕೆಲಸ ಮೆಗಾಫೋನಿನದು. ಹೊಗೆ ಹಾರಿಸುವ ಮೊದಲು ಮೂರು ಸಲ ಕೂಗಿ ಹೇಳಬೇಕು, ಜನಕ್ಕೆ ಹೋಗಲು ಸಮಯ ಕೊಡಬೇಕು. ಹಾಗೆಂದು ಅಪ್ಪನೇ ಹೇಳಿದ್ದ. ಬುದ್ಧ ಪೂರ್ಣಿಮೆಯ ವೆಸಾಕ್ ಹಬ್ಬದಲ್ಲಿ ರಸ್ತೆಬದಿ ಎಲ್ಲರಿಗೂ ಊಟ ಹಾಕುವಾಗಲೂ ಅಪ್ಪನೇ ಮೆಗಾಫೋನ್ ಹಿಡಿದು, “ಬನ್ನಿ, ಬನ್ನಿ! ಬಸ್ಸು ನಿಲ್ಸಿ! ಊಟ ಮಾಡ್ಕೊಂಡು ಹೋಗಿ!” ಎಂದು ದಾರಿಹೋಕರನ್ನೆಲ್ಲ ಕರೆಯುತ್ತಿದ್ದ. ಆ ದನಿ ರೈಲ್ವೆ ಗೇಟಿನವರೆಗೂ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಸಾರ್ಜೆಂಟ್ ಪಿಯದಾಸ ಒಂದು ಕಾಗದ ಹಿಡಿದು ಬಂದರು. ಯೆಹಾರಾ ಕಟ್ಟಿಗೆ ಒಲೆ ಊದಿ ಊದಿ ಟೀ ಮಾಡಿ ತಂದಳು.

“ಹಾಲಿಲ್ಲ, ಸಕ್ಕರೆ ಇಲ್ಲ. ಬಿಸಿ ಮಾತ್ರ ಚೆನ್ನಾಗಿದೆ!” ಎಂದು ನಕ್ಕು ಸಾರ್ಜೆಂಟ್ ಕಾಗದ ಮುಂದಿಟ್ಟರು. “ನಿನ್ನೆ ಹೊಗೆ ಹಾರಿಸಿದ್ದಕ್ಕೆ ಸೋಮವಾರ ವಿಚಾರಣೆ ಕಣೋ. ಮೂರು ಸಲ ಎಚ್ಚರಿಕೆ ಕೊಟ್ಟೆ ಅಂತ ಬರ್ದಿದೆ. ಸೈನ್ ಹಾಕು.”

ಅಪ್ಪ ಪೆನ್ನು ಹಿಡಿದ. ಬರೆಯಲಿಲ್ಲ.

“ಏನೋ, ಮನ್ನಾರ್‌ಗೆ ಟ್ರಾನ್ಸ್‌ಫರ್ ಬೇಕಾ? ಹೆಂಡ್ತಿ ಮಕ್ಕಳನ್ನ ಬಿಟ್ಟು ಅಲ್ಲಿ ಬಿಸಿಲು ಕಾಯ್ಕೊಂಡಿರ್ತೀಯಾ?” ಸಾರ್ಜೆಂಟ್ ಯೆಹಾರಾಳ ಕಡೆ ತಿರುಗಿದರು. “ನೀನೂ ಅಲ್ಲೇ ಇದ್ದೆಯಂತಲ್ಲ ಪುಟ್ಟಿ. ಅಪ್ಪ ಕೂಗಿದ್ದು ಕೇಳಿಸ್ತು ತಾನೇ?”

ಹೂಂ ಅಂದರೆ ಸಾಕಿತ್ತು. ಅಪ್ಪ ಮನೆಯಲ್ಲೇ ಇರುತ್ತಿದ್ದ.

ಯೆಹಾರಾ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

“ಇಲ್ಲ ಮಾಮ,” ಎಂದಳು ಅವಳು. “ಅಪ್ಪನ ದನಿ ಕೇಳಿದ್ದಿದ್ರೆ ನಾನು ಅಜ್ಜೀನ ಎಬ್ಬಿಸ್ತಿದ್ದೆ.”

ಸಾರ್ಜೆಂಟ್ ಟೀ ಲೋಟ ಕೆಳಗಿಟ್ಟರು.

ಅಪ್ಪ ಆ ಸಾಲಿನ ಮೇಲೆ ಗೆರೆ ಎಳೆದ. ಕೆಳಗೆ ತನ್ನ ಕೈಯಾರೆ ಬರೆಯುತ್ತಾ ಗಟ್ಟಿಯಾಗಿ ಓದಿದ. “ಮೆಗಾಫೋನ್ ನನ್ನ ಕೈಯಲ್ಲೇ ಇತ್ತು. ಸರಿಯಾಗೇ ಇತ್ತು. ಹಾರಿಸಿ ಅಂತ ಸಾಹೇಬ್ರು ಅಂದ್ರು. ನಾನು ಬಾಯಿ ಬಿಡ್ಲಿಲ್ಲ.” ಆಮೇಲೆ ಸಹಿ ಹಾಕಿದ.

“ಹುಚ್ಚ ಕಣೋ ನೀನು,” ಎಂದು ಸಾರ್ಜೆಂಟ್ ಕಾಗದ ಮಡಚಿಕೊಂಡು ಎದ್ದರು. ಅರ್ಧ ಟೀ ಹಾಗೇ ಉಳಿಯಿತು.

ಮಧ್ಯಾಹ್ನ ಅಪ್ಪ, ಮಗಳು ಆಸ್ಪತ್ರೆಗೆ ಹೋದರು. ಅಜ್ಜಿ ದಿಂಬಿಗೆ ಒರಗಿ ಕೂತಿದ್ದಳು. ಒಂದೊಂದು ಮಾತಿಗೂ ಒಂದೊಂದು ಉಸಿರು.

“ಅಷ್ಟು ದೊಡ್ಡ ಗಂಟಲು ಕೊಟ್ಟು ಹೆತ್ನಲ್ಲೋ… ನಿನ್ನೆ ಅದಕ್ಕೇನಾಗಿತ್ತು?”

ಅಪ್ಪ ಮಂಚದ ಪಕ್ಕ ಮಂಡಿಯೂರಿ, ಅಜ್ಜಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ತುಂಬ ಮೆಲ್ಲಗೆ. ಎರಡು ಹೆಜ್ಜೆ ಆಚೆ ನಿಂತಿದ್ದ ಯೆಹಾರಾಗೂ ಕೇಳಿಸಲಿಲ್ಲ.

ಅಜ್ಜಿ ನಿಧಾನವಾಗಿ ಕಾಲು ಮಡಚಿ, ಮಂಚದ ಮೇಲೆ ಮಗನಿಗೆ ಕೂರಲು ಜಾಗ ಮಾಡಿದಳು.

ಏನಂದೆ ಎಂದು ಯೆಹಾರಾ ಅಪ್ಪನನ್ನು ಕೇಳಲಿಲ್ಲ. ಅಪ್ಪನ ಅಂಗಿಗೆ ಮುಖ ಒತ್ತಿ ನಿಂತಳು. ಒಗೆದ ಅಂಗಿಯಲ್ಲಿ ಇನ್ನೂ ಸ್ವಲ್ಪ ಘಾಟು ಇತ್ತು. ಈ ಸಲ ಅವಳು ಹಿಂದೆ ಸರಿಯಲಿಲ್ಲ.